ಒಂದು ಗೆಲುವಿಗೆ ಕಾರ್ಡ್ ಸಿಗಲ್ಲ

ಮಹಿಳಾ ಗಾಲ್ಫ್‌ನ ಮುಖ್ಯ ಟೂರ್ ಎಲ್‌ಪಿಜಿಎ; ಅದಕ್ಕೆ ಮೆಟ್ಟಿಲಾಗಿರುವ ಕೆಳಹಂತದ ಟೂರ್ ಎಪ್ಸನ್. ಈ ಎಪ್ಸನ್ ಟೂರ್‌ನಲ್ಲಿ ಒಂದು ಪಂದ್ಯ ಗೆದ್ದರೆ ಎಲ್‌ಪಿಜಿಎ ಬಾಗಿಲು ತೆರೆದಂತೆ, ಇದು 'ಎರಡನೇ ದರ್ಜೆ'ಯ ಟೂರ್ ಅಂತ ಒಂದು ಲೇಖನದಲ್ಲಿ ಓದಿದೆ. ಹಾಗಿಲ್ಲ ಸ್ವಾಮಿ. ಕಾರ್ಡ್, ಅಂದರೆ ಎಲ್‌ಪಿಜಿಎಯಲ್ಲಿ ಆಡುವ ಅರ್ಹತೆ, ಸಿಗುವುದು ಋತುವಿನ ಕೊನೆಗೆ ಟೂರ್‌ನ ಶ್ರೇಯಾಂಕ ಪಟ್ಟಿಯ ಮೇಲ್ತುದಿಯಲ್ಲಿ ಇರುವವರಿಗೆ. 2023ರವರೆಗೆ ಮೊದಲ 10 ಮಂದಿ, 2024ರಲ್ಲಿ ಅದು 15ಕ್ಕೆ ಏರಿತು.

ಹೆಚ್ಚಿನ ಪಂದ್ಯಗಳು 54 ಹೋಲ್‌ನವು, ದಿನಕ್ಕೆ 18. ಹಿಂದುಳಿದವರನ್ನು ಹೊರಗಿಡುವ ಕಟ್ ಬೀಳುವುದು 36ರ ನಂತರ. ಅಂದರೆ ಮೊದಲ ದಿನ 76 ಹೊಡೆತ ಬಳಸಿ ಹಿಂದೆ ಬಿದ್ದವಳಿಗೆ ಸುಧಾರಿಸಿಕೊಳ್ಳಲು ಇರುವುದು 18 ಹೋಲ್ ಮಾತ್ರ. ಕಟ್ ತಪ್ಪಿದರೆ ಬಹುಮಾನ ಸೊನ್ನೆ; ಪ್ರವೇಶ ಶುಲ್ಕ, ಪೆಟ್ರೋಲು, ರೂಮು, ಬ್ಯಾಗ್ ಹೊರುವ ಕ್ಯಾಡಿಯ ಖರ್ಚು ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೇ ಎಷ್ಟೋ ಹುಡುಗಿಯರು ತಾವೇ ಬ್ಯಾಗ್ ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಆಡುತ್ತಾರೆ, ಪಂದ್ಯದ ಊರಿನ ಯಾರದೋ ಮನೆಯಲ್ಲಿ ಉಳಿಯುತ್ತಾರೆ.

ಒಟ್ಟು ಬಹುಮಾನ 2 ಲಕ್ಷ ಡಾಲರ್ ಇದ್ದರೆ ಗೆದ್ದವಳಿಗೆ ಶೇ 15, ಅಂದರೆ 30,000. ಕೆಳಗಿಳಿದಂತೆ ಮೊತ್ತ ದಡದಡ ಕುಸಿಯುತ್ತದೆ. ಮೂವರು 8ನೇ ಸ್ಥಾನದಲ್ಲಿ ಸಮವಾದರೆ 8, 9, 10ರ ಬಹುಮಾನ ಕೂಡಿಸಿ ಮೂರು ಪಾಲು. ಅವರಲ್ಲಿ ಒಬ್ಬಳು ಕೊನೆಯ ಗ್ರೀನ್‌ನಲ್ಲಿ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೂರಡಿ ದೂರದಿಂದ ಚೆಂಡನ್ನು ಕುಳಿಗೆ ಉರುಳಿಸಿದ್ದರೆ 8ನೆಯದು ಪೂರ್ತಿ ಅವಳದೇ. ಆ ಮೂರಡಿಯಲ್ಲೇ ಕೆಲವರ ಕಾರ್ಡ್ ಹೋಗುತ್ತದೆ.

'ಎರಡನೇ ದರ್ಜೆ' ಅನ್ನುವ ಮಾತೂ ಬೇಡವಿತ್ತು. ಇದೇ ಟೂರ್ ಫ್ಯೂಚರ್ಸ್ ಅನ್ನಿಸಿಕೊಂಡಿದ್ದ ಕಾಲದಲ್ಲಿ ಮುಂದೆ ವಿಶ್ವದ ನಂಬರ್ ಒನ್ ಆದ ಲೊರೇನಾ ಒಚೊವಾ, ಇನ್‌ಬೀ ಪಾರ್ಕ್ ಇಬ್ಬರೂ ಇಲ್ಲಿಂದಲೇ ಮೇಲೆ ಹೋದವರು.