ಕಾಲುಚೀಲ ತೆಗೆದು ನೋಡಿ

ಹೋದ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದಾಗ ಚಿಕ್ಕಮ್ಮನನ್ನು ನೋಡಲು ಹೋದೆ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಮೇಲೆ ಅವರನ್ನು ಒಂದು ಆರೈಕೆ ಮನೆಗೆ ಸೇರಿಸಿದ್ದೆವು. ಐದು ವಾರವಾಗಿತ್ತು. ಹೊರಗೆ ತುಳಸಿಕಟ್ಟೆ, ಒಳಗೆ ಹೊಳೆಯುವ ನೆಲ, ಗೋಡೆಯ ಮೇಲೆ ದೊಡ್ಡ ಗಣಪತಿ ಪಟ. ಕಾಫಿ ಕೊಟ್ಟರು, ಚೆನ್ನಾಗಿತ್ತು. ಚಿಕ್ಕಮ್ಮ ಹೊದ್ದು ಮಲಗಿದ್ದರು. ಕಾಲಿಗೆ ಉಣ್ಣೆಯ ಚೀಲ. "ಚಳಿ ಅಂತಾರೆ ಸರ್, ಅದಕ್ಕೇ ಹಾಕಿದೀವಿ" ಅಂದರು ಸಿಸ್ಟರ್.

ಯಾಕೋ ಸುಮ್ನೆ ಇರಲಾಗಲಿಲ್ಲ. ಎಡಗಾಲಿನ ಚೀಲವನ್ನು ಮೆಲ್ಲಗೆ ಜಾರಿಸಿದೆ. ಹಿಮ್ಮಡಿಯಲ್ಲಿ ಹಳೇ ಎಂಟಾಣೆಯಷ್ಟು ಅಗಲಕ್ಕೆ ಕಪ್ಪಗಾಗಿತ್ತು. ಅಂಚು ಒದ್ದೆ. ಉಣ್ಣೆಯ ಎಳೆ ಅದಕ್ಕೆ ಅಂಟಿಕೊಂಡಿತ್ತು. ಚಿಕ್ಕಮ್ಮನಿಗೆ ಎಷ್ಟೋ ವರ್ಷದಿಂದ ಸಕ್ಕರೆ ಕಾಯಿಲೆ. ಪಾದದಲ್ಲಿ ಸ್ಪರ್ಶವೇ ಕಡಿಮೆ. ನೋಯುತ್ತಿದೆ ಅಂತ ಹೇಳಲು ಅವರಿಗೇ ಗೊತ್ತಾಗಿರಲಿಲ್ಲ.

ನನ್ನ ತಂಗಿ, ಅಂದರೆ ಚಿಕ್ಕಮ್ಮನ ಮಗಳು, ವಾರಕ್ಕೆ ಮೂರು ಸಲ ಜಯನಗರದಿಂದ ಬಂದು ಹೋಗುತ್ತಿದ್ದವಳು. ಮಂಚದ ಪಕ್ಕ ಹಾಗೇ ನಿಂತುಬಿಟ್ಟಳು. "ಬಂದಾಗಲೆಲ್ಲ ಊಟ ಆಯ್ತಾ ಅಂತ ಕೇಳ್ತಿದ್ದೆ ಅಣ್ಣಾ. ಇದನ್ನ ನೋಡಲೇ ಇಲ್ಲ." ಅವಳನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಏನು ನೋಡಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ.

ನಾನು ನ್ಯೂಜೆರ್ಸಿಯಲ್ಲಿದ್ದು 19 ವರ್ಷವಾಯಿತು. ನಮ್ಮ ಬೆಂಗಳೂರಿನಲ್ಲಿ ನರ್ಸಿಂಗ್ ಹೋಂ ಅಂದರೆ ಹೆರಿಗೆ, ಅಪೆಂಡಿಕ್ಸ್ ಆಪರೇಷನ್ ಆಗುವ ಸಣ್ಣ ಆಸ್ಪತ್ರೆ. ಅಲ್ಲಿ ಹಾಗಲ್ಲ. ಎದ್ದು ಓಡಾಡಲಾಗದ ಹಿರಿಯರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಜಾಗ. ಅಂಥ ಮನೆಗಳಿಗೆ ಅಮೆರಿಕದ ಸರ್ಕಾರವೇ ಒಂದರಿಂದ ಐದು ನಕ್ಷತ್ರ ಕೊಡುತ್ತದೆ. 2008ರಿಂದ ಈ ಪದ್ಧತಿ ಇದೆ. ತಪಾಸಣೆಯಲ್ಲಿ ಸಿಕ್ಕ ತಪ್ಪುಗಳು, ಕೆಲಸದವರ ಸಂಖ್ಯೆ, ಹಿರಿಯರ ಆರೋಗ್ಯದ ಲೆಕ್ಕ, ಈ ಮೂರನ್ನೂ ಸೇರಿಸಿ ನಕ್ಷತ್ರ ಕೊಡುತ್ತಾರೆ. ತಪಾಸಣೆಗೆ ಬರುವವರು ಮೊದಲೇ ಹೇಳಿ ಬರುವುದಿಲ್ಲ. ಹೆಚ್ಚೆಂದರೆ 15 ತಿಂಗಳೊಳಗೆ ಒಂದು ಸಲ ಬರಲೇಬೇಕು. ಬಂದವರು ಏನು ಕಂಡರೋ ಅದನ್ನೆಲ್ಲ ಬರೆದಿಡುತ್ತಾರೆ. ಆ ವರದಿಯನ್ನು ಯಾರು ಬೇಕಾದರೂ ಓದಬಹುದು. ಹಿರಿಯರಿಗೆ ಹಿಂಸೆಯಾದದ್ದು ತಪಾಸಣೆಯಲ್ಲಿ ಕಂಡುಬಂದ ಮನೆಯ ಹೆಸರಿನ ಪಕ್ಕ 2019ರಿಂದ ಕೆಂಪು ಕೈ ಗುರುತು ಹಾಕುತ್ತಿದ್ದಾರೆ.

ಗೆಳೆಯನೊಬ್ಬನ ತಾಯಿಗೆ ಜಾಗ ಹುಡುಕುವಾಗ ಇಬ್ಬರೂ ಅಡುಗೆಮನೆ ಮೇಜಿನ ಮೇಲೆ ಇಂಥ ನಾಲ್ಕು ವರದಿ ಹರಡಿಕೊಂಡು ಕೂತಿದ್ದೆವು. ಬಿದ್ದವರನ್ನು ಎಷ್ಟು ಹೊತ್ತಿಗೆ ಎತ್ತಿದರು, ಯಾರ ಮಾತ್ರೆ ಯಾರಿಗೆ ಹೋಯಿತು, ಎಲ್ಲ ಬರೆದಿತ್ತು. ಓದಿ ಹೊಟ್ಟೆ ಕಿವುಚಿತು. ಆದರೆ ಗೊತ್ತಾಯಿತಲ್ಲ!

ಹಾಗಂತ ನಕ್ಷತ್ರ ನೋಡಿ ಕಣ್ಣು ಮುಚ್ಚಿಕೊಳ್ಳುವ ಹಾಗಿಲ್ಲ. ಆರೋಗ್ಯದ ಲೆಕ್ಕದಲ್ಲಿ ಜಾಸ್ತಿ ಪಾಲು ಆ ಮನೆಯವರೇ ಬರೆದುಕೊಟ್ಟದ್ದು. ಐದು ನಕ್ಷತ್ರದ ಮನೆಯಲ್ಲೇ ಗೆಳೆಯನ ತಾಯಿ ಕರೆಗಂಟೆ ಒತ್ತಿ ಮುಕ್ಕಾಲು ಗಂಟೆ ಕಾದಿದ್ದಾರೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ಅಲ್ಲಿನ ಎಷ್ಟೋ ಕೋಣೆಗಳಿಗೆ ತಿಂಗಳಾದರೂ ಒಬ್ಬ ನೆಂಟ ಬರುವುದಿಲ್ಲ. ನಮ್ಮಲ್ಲಿ ಮಗಳು ಡಬ್ಬಿಯಲ್ಲಿ ಮೆಣಸಿನ ಸಾರು ತರುತ್ತಾಳೆ, ಪಕ್ಕದ ಮಂಚದವರಿಗೂ ಎರಡು ಚಮಚ ಕುಡಿಸುತ್ತಾಳೆ. ಹಿರಿಯರನ್ನು ಕಾಯುವುದಕ್ಕೆ ಇದಕ್ಕಿಂತ ದೊಡ್ಡ ಬಲ ಬೇರೆ ಇಲ್ಲ ಅಂತ ನಾನು ನಂಬಿದ್ದೇನೆ. ಆ ಬಲವನ್ನು ಸರಿಯಾದ ಕಡೆ ಹಾಕುತ್ತಿಲ್ಲ ಅನ್ನುವುದೇ ನನ್ನ ಸಂಕಟ.

ಜಾಗ ನೋಡಲು ಹೋದಾಗ ನಾವು ಕೇಳುವುದೇನು? ಊಟ ಸಸ್ಯಾಹಾರವಾ, ದೇವರಮನೆ ಇದೆಯಾ, ಅಡ್ವಾನ್ಸ್ ಎಷ್ಟು, ಮನೆಯಿಂದ ಎಷ್ಟು ದೂರ. ಇವೆಲ್ಲ ಬೇಕು. ಸಾರು ಅನ್ನ ಬಿಟ್ಟು ಬೇರೆ ಮುಟ್ಟದ ಚಿಕ್ಕಮ್ಮನಿಗೆ ಊಟದ ಪ್ರಶ್ನೆ ಸಣ್ಣದಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಎಷ್ಟು ಜನ ಎಚ್ಚರ ಇರುತ್ತಾರೆ ಅಂತ ನಾವು ಕೇಳಲಿಲ್ಲ. ಆಮೇಲೆ ತಿಳಿಯಿತು, ಆ ಮನೆಯಲ್ಲಿ ಹದಿನೆಂಟು ಜನ ಹಿರಿಯರಿಗೆ ರಾತ್ರಿ ಇದ್ದದ್ದು ಒಬ್ಬಳೇ ಆಯಾ. ಅವಳು ತಾನೇ ಎಷ್ಟು ಜನರ ಮಗ್ಗುಲು ಬದಲಿಸಿಯಾಳು?

ಚಿಕ್ಕಮ್ಮನಿಗೆ ಆದಂಥ ಹಾಸಿಗೆ ಹುಣ್ಣು ವಯಸ್ಸಾದ್ದರಿಂದ ಬರುವುದಲ್ಲ, ಒತ್ತಡದಿಂದ ಬರುವುದು. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹೋಗುವುದಿಲ್ಲ. ಅದಕ್ಕೇ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಕೊಡಬೇಕು. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಈ ಮೂರು ಕಡೆ ಹೋದಾಗಲೆಲ್ಲ ನೋಡಿ. ಕೆಂಪಗಾಗುತ್ತದೆ ಅಂತ ಪುಸ್ತಕದಲ್ಲಿರುತ್ತದೆ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಮೈಯಲ್ಲಿ ಆ ಕೆಂಪು ಸುಲಭವಾಗಿ ಕಾಣುವುದಿಲ್ಲ. ಕೈಯಿಟ್ಟು ನೋಡಿ. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿಯಾಗಿದೆಯಾ, ಬಣ್ಣ ಕಪ್ಪಿಟ್ಟಿದೆಯಾ? ಹಾಗಿದ್ದರೆ ಅವತ್ತೇ ಡಾಕ್ಟರನ್ನು ಕರೆಸಿ.

ಊಟ ಆಯ್ತಾ ಅಂತ ಕೇಳುವ ಬದಲು ಊಟದ ಹೊತ್ತಿಗೇ ಹೋಗಿ. ಮಲಗಿಸಿಕೊಂಡೇ ಗಂಜಿ ಹುಯ್ಯುತ್ತಿದ್ದರೆ ಅದು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಮಂಪರಿನಲ್ಲಿದ್ದರೆ ಯಾವ ಮಾತ್ರೆ ಕೊಡುತ್ತಿದ್ದೀರಿ, ಬರೆದುಕೊಟ್ಟ ಡಾಕ್ಟರ್ ಯಾರು ಅಂತ ಚೀಟಿ ಕೇಳಿ. ನಾಲ್ಕರಿಂದ ಆರು ಮಾತ್ರ ಬನ್ನಿ ಅನ್ನುವ ಮನೆಯ ಮೇಲೆ ನನಗೆ ನಂಬಿಕೆ ಇಲ್ಲ. ಭಾನುವಾರ ರಾತ್ರಿ ಎಂಟಕ್ಕೆ ಹೋದರೂ ಒಳಗೆ ಬಿಡಬೇಕು.

ಇಷ್ಟೆಲ್ಲ ಮನೆಯವರೇ ಮಾಡಬೇಕಾ? ಖಂಡಿತ ಅಲ್ಲ. ನಮ್ಮಲ್ಲೂ ಕಾನೂನು ಇದೆ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಂಗಳು 2007ರ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಹೆತ್ತವರ ಮತ್ತು ಹಿರಿಯರ ಪಾಲನೆಗೆ ಅಂತ ಕೇಂದ್ರದ ಕಾಯ್ದೆ ಬಂದದ್ದೂ ಅದೇ ವರ್ಷ. ದೂರು, ಸಲಹೆಗೆ 14567 ಅನ್ನುವ ಹಿರಿಯರ ಸಹಾಯವಾಣಿ ಇದೆ. ಆದರೆ ಬನಶಂಕರಿಯ ಈ ಮನೆಗೂ ಯಲಹಂಕದ ಆ ಮನೆಗೂ ಏನು ವ್ಯತ್ಯಾಸ ಅಂತ ಮೊಬೈಲಿನಲ್ಲಿ ತೆಗೆದು ಓದುವಂಥ ವರದಿ ತಂಗಿಯ ಕೈಗೆ ಸಿಗಲಿಲ್ಲ. ನಮಗೆ ನಕ್ಷತ್ರ ಬೇಡ. ಸರ್ಕಾರದವರು ಹೇಳದೆ ಬಂದು ನೋಡಿ, ಕಂಡದ್ದನ್ನು ಕನ್ನಡದಲ್ಲಿ ಬರೆದು, ಆ ಹಾಳೆಯನ್ನು ಗೇಟಿಗೆ ಅಂಟಿಸಲಿ. ಸರ್ಕಾರಕ್ಕೆ ಇದೇನೂ ದೊಡ್ಡ ಖರ್ಚಲ್ಲ.

ಚಿಕ್ಕಮ್ಮನನ್ನು ಆ ವಾರವೇ ಬೇರೆ ಕಡೆಗೆ ಬದಲಾಯಿಸಿದೆವು. ಇದು ಹಳೇ ಮನೆ, ಗೋಡೆಯ ಬಣ್ಣ ಮಾಸಿದೆ. ಆದರೆ ಮಂಚದ ತಲೆಯ ಹತ್ತಿರ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ರಾಯಚೂರಿನ ಕಡೆಯ ಆಯಾ ಪೆನ್ಸಿಲಿನಲ್ಲಿ ಬರೆದಿಡುತ್ತಾಳೆ: 12 ಗಂಟೆ ಎಡ, 2 ಗಂಟೆ ಬಲ, 4 ಗಂಟೆ ಎಡ. ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಈಗ ತಂಗಿ ವಿಡಿಯೋ ಕರೆ ಮಾಡಿದಾಗ ಮೊದಲು ತೋರಿಸುವುದು ಹಿಮ್ಮಡಿಯನ್ನು. "ಅದನ್ನೇನು ನೋಡ್ತೀಯೋ, ನನ್ನ ಮುಖ ನೋಡೋ" ಅಂತ ಚಿಕ್ಕಮ್ಮನ ದನಿ ಆಚೆಯಿಂದ ಕೇಳುತ್ತದೆ.