ಲ್ಯಾವೆಂಡರ್ ಸಿರಪ್ ಬೇಡ ಮಾರ್ರೆ, ಅಂಗಳದಲ್ಲಿ ಮಲ್ಲಿಗೆ ಇದೆ

ಹೂವಿನ ಪರಿಮಳದ ಕಾಫಿ, ಅದೂ ದನದ ಹಾಲು ಇಲ್ಲದ್ದು. ಲ್ಯಾವೆಂಡರ್ ಓಟ್ ಮಿಲ್ಕ್ ಲ್ಯಾಟೆ ಅಂತ ಮೆನುವಿನಲ್ಲಿ ಬರೆದಿರುತ್ತದಲ್ಲ, ಅದು. ಕುಡಿಯುವವರ ಬಗ್ಗೆ ನನಗೆ ಎಂತ ತಕರಾರೂ ಇಲ್ಲ, ನಾನೂ ಕುಡಿದಿದ್ದೇನೆ. ತಕರಾರು ಇರುವುದು ಅದನ್ನು ಮನೆಯಲ್ಲಿ ಮಾಡಲು ಹೊರಟು ಆನ್‌ಲೈನಿನಲ್ಲಿ ನೇರಳೆ ಬಣ್ಣದ ಸಿರಪ್ ಬಾಟಲಿ ಒಂದು, ಓಟ್ ಹಾಲಿನ ಡಬ್ಬ ಎರಡು ತರಿಸಿಕೊಳ್ಳುವವರ ಬಗ್ಗೆ. ಹಿತ್ತಲಿನಲ್ಲಿ ತೆಂಗಿನಮರ ಇರುತ್ತದೆ, ಅಂಗಳದ ಚಟ್ಟಿಯಲ್ಲಿ ಶಂಕರಪುರ ಮಲ್ಲಿಗೆ ಇರುತ್ತದೆ, ಕಾಫಿ ಘಟ್ಟದ ಮೇಲಿನಿಂದ ಇಳಿದು ನಮ್ಮ ಊರಿನ ಮೇಲೆಯೇ ಹಡಗು ಹತ್ತಲು ಹೋಗುತ್ತದೆ. ಇಷ್ಟೆಲ್ಲ ಇಟ್ಟುಕೊಂಡು, ತೆಂಗಿನಕಾಯಿ ಹಾಲಿನಲ್ಲಿ ಮಲ್ಲಿಗೆ ಕಾಫಿ ಮಾಡುವುದು ಬಿಟ್ಟು ಸಿರಪ್ ಯಾಕೆ ಅಂತ ನನ್ನ ಪ್ರಶ್ನೆ.

ಇದು ಸ್ವದೇಶಿ ಭಾಷಣ ಅಲ್ಲ. ರುಚಿಯ ಮಾತು. ಓಟ್ ಹಾಲನ್ನು 1990ರ ದಶಕದಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ವಿಜ್ಞಾನಿ ರಿಕಾರ್ಡ್ ಓಸ್ಟೆ ರೂಪಿಸಿದರು. ಅದರ ಗುಟ್ಟು ಎಂಜೈಮ್. ಓಟ್ಸಿನ ಪಿಷ್ಟವನ್ನು ಎಂಜೈಮ್ ಒಡೆದು ಸಿಹಿ ಮಾಡುತ್ತದೆ, ಹಾಗಾಗಿ ಕಾಯಿಸಿದರೂ ಹಾಲು ತೆಳ್ಳಗೆ ಇರುತ್ತದೆ. ಮನೆಯಲ್ಲಿ ಓಟ್ಸ್ ನೆನೆಸಿ ಮಿಕ್ಸಿಗೆ ಹಾಕಿ ಸೋಸಿದರೆ ಆ ಎಂಜೈಮ್ ಎಲ್ಲಿಂದ ಬರಬೇಕು? ಬಿಸಿ ಮಾಡಿದ ಕೂಡಲೇ ಲೋಳೆ ಲೋಳೆ. ಲ್ಯಾವೆಂಡರ್ ಕೂಡ ಹಾಗೆಯೇ, ಅಡುಗೆಗೆ ಆಗುವ ಜಾತಿ ಬೇರೆ, ಕರ್ಪೂರದ ವಾಸನೆ ಹೊಡೆಯುವ ಜಾತಿಗಳು ಬೇರೆ. ಸ್ವಲ್ಪ ಜಾಸ್ತಿ ಹೊತ್ತು ಬಿಸಿಯಲ್ಲಿ ಬಿಟ್ಟರೆ ಕಹಿ. ನಮ್ಮ ದೇಶದಲ್ಲಿ ಅದು ಚೆನ್ನಾಗಿ ಬೆಳೆಯುವುದು ಜಮ್ಮುವಿನ ಭದರ್ವಾ ಕಡೆಯ ತಂಪಿನಲ್ಲಿ, ನಮ್ಮ ಸೆಕೆಯಲ್ಲಿ ಅಲ್ಲ. ಅಲ್ಲಿಂದ ಒಣಗಿ ಬಂದ ಹೂವಿಗಿಂತ ಇವತ್ತು ಸಂಜೆ ಅರಳುವ ಹೂವೇ ಮೇಲು, ಅಲ್ವಾ?

ಮಲ್ಲಿಗೆ ಅಂದರೆ ಯಾವುದಾದರೂ ಮಲ್ಲಿಗೆ ಅಲ್ಲ. ಕಟಪಾಡಿ ಹತ್ತಿರದ ಶಂಕರಪುರದ ಹೆಸರಿನಲ್ಲಿ ಮಾರಾಟವಾಗುವ, ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇರುವ ನಮ್ಮ ಉಡುಪಿ ಮಲ್ಲಿಗೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅಂತ ಲೆಕ್ಕ ಹಾಕಿ ಮಾರುತ್ತಾರಲ್ಲ, ಅದೇ. ಚೀನಾದವರು ಮಲ್ಲಿಗೆ ಚಹಾ ಮಾಡುವುದೂ ಇದೇ ದುಂಡುಮಲ್ಲಿಗೆಯ ಜಾತಿಯಿಂದ. ಅವರ ಕ್ರಮ ನೋಡಿದರೆ ನಾವು ಕಲಿಯಬೇಕಾದ್ದು ಪೂರ್ತಿ ಅಲ್ಲೇ ಇದೆ. ಮೊಗ್ಗನ್ನು ಹಗಲು ಕೊಯ್ಯುತ್ತಾರೆ, ರಾತ್ರಿ ಅರಳುವ ಹೊತ್ತಿಗೆ ಒಣ ಚಹಾ ಎಲೆಯ ಜೊತೆ ಸೇರಿಸಿ ಇಡುತ್ತಾರೆ, ಎಲೆ ಪರಿಮಳ ಹೀರಿಕೊಂಡ ಮೇಲೆ ಹೂವನ್ನು ತೆಗೆದುಬಿಡುತ್ತಾರೆ. ಕುದಿಸುವುದಿಲ್ಲ. ಮಲ್ಲಿಗೆಯ ಪರಿಮಳ ಬಿಸಿಗೆ ಹಾರಿಹೋಗುವ ಪರಿಮಳ. ಹಾಗಾಗಿ ಯೂಟ್ಯೂಬಿನಲ್ಲಿ ಯಾರಾದರೂ ಮಲ್ಲಿಗೆ ಹೂ ಹಾಕಿ ಸಕ್ಕರೆ ಪಾಕ ಕುದಿಸುತ್ತಾ ಇದ್ದರೆ, ಅಡುಗೆಮನೆ ಘಮಘಮ ಅನ್ನುತ್ತದೆ, ಲೋಟದಲ್ಲಿ ಮಾತ್ರ ಸೊಪ್ಪಿನ ನೀರು.

ನಾನು ಸಕ್ಕರೆಯಲ್ಲಿ ಮಾಡುತ್ತೇನೆ. ಕಾಲು ಕಿಲೋ ಸಕ್ಕರೆಗೆ ಮೂವತ್ತು ನಲವತ್ತು ಮೊಗ್ಗು ಸಾಕು. ಸಂಜೆ, ಇನ್ನೇನು ಬಿರಿಯಬೇಕು ಅನ್ನುವಾಗ, ತೊಟ್ಟು ತೆಗೆದು ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಡಬ್ಬದಲ್ಲಿ ಒಂದು ಪದರ ಸಕ್ಕರೆ ಒಂದು ಪದರ ಹೂ ಅಂತ ಹಾಕಿ ಮುಚ್ಚಿಡಬೇಕು. ಬೆಳಿಗ್ಗೆ ಎದ್ದ ಕೂಡಲೇ ಹೂ ತೆಗೆಯಬೇಕು, ಆಮೇಲೆ ನೋಡಿದರಾಯಿತು ಅಂತ ಬಿಡಬೇಡಿ. ಮಲ್ಲಿಗೆಯಲ್ಲಿ ಇಂಡೋಲ್ ಅನ್ನುವ ಒಂದು ಅಂಶ ಇದೆ. ಅದು ಹದದಲ್ಲಿ ಇದ್ದರೆ ಸೊಗಸು, ಜಾಸ್ತಿಯಾದರೆ ಕೊಳೆತ ವಾಸನೆ. ಪರಿಮಳ ಸಾಲದಿದ್ದರೆ ಅದೇ ಸಕ್ಕರೆಗೆ ಮರುದಿನ ಹೊಸ ಹೂ ಹಾಕಿ. ಮಳೆಗಾಲದಲ್ಲಿ ಹೂವಿನ ಪಸೆಗೆ ಸಕ್ಕರೆ ಗಟ್ಟಿ ಕಟ್ಟುತ್ತದೆ, ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗೆ ಇಟ್ಟರೆ ಆಯಿತು. ಬೆಲ್ಲದಲ್ಲಿ ಮಾಡಬಹುದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಬೇಡ. ಬೆಲ್ಲಕ್ಕೆ ಅದರದ್ದೇ ಜೋರು ಇದೆ, ಮಲ್ಲಿಗೆಯನ್ನು ನುಂಗಿಬಿಡುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪೇಟೆಯಲ್ಲಿ ಕಟ್ಟಿ ಮಾರುವ ಹೂವನ್ನು ಹೊಟ್ಟೆಗೆ ಹಾಕಬೇಡಿ. ಮುಡಿಯಲು, ದೇವರಿಗೆ ಇಡಲು ಬೆಳೆದ ಹೂ ಅದು. ಮೊಗ್ಗಿನ ಹುಳಕ್ಕೆ ಮದ್ದು ಬಿಟ್ಟಿರಬಹುದು, ತೊಳೆದರೆ ಎಲ್ಲ ಹೋಗುತ್ತದೆ ಅಂತ ನಂಬಲಿಕ್ಕೆ ಆಗುವುದಿಲ್ಲ. ಮದ್ದು ಬಿಡದ ಗಿಡ ನಿಮ್ಮದೋ ನೆರೆಮನೆಯದ್ದೋ ಇದ್ದರೆ ಮಾತ್ರ ಈ ಕೆಲಸ. ಚಟ್ಟಿಯಲ್ಲೇ ಬರುತ್ತದೆ, ಬಿಸಿಲು ಬೇಕು ಅಷ್ಟೆ. ಹಾಗೆಯೇ ಹೂ ಅಂದ ಕೂಡಲೇ ಕಂಡದ್ದನ್ನೆಲ್ಲ ಹಾಕಬೇಡಿ, ಕಣಗಿಲೆ ವಿಷ. ದಾಸವಾಳ ತಿನ್ನಬಹುದು, ಆದರೆ ಹುಳಿ, ಹಾಲಿಗೆ ಆಗುವುದಿಲ್ಲ.

ಇನ್ನು ಕಾಯಿಹಾಲು. ಇದನ್ನು ಹೇಗೆ ತೆಗೆಯುವುದು ಅಂತ ನಮ್ಮ ಕಡೆಯವರಿಗೆ ನಾನು ಹೇಳಿಕೊಡಬೇಕಾ? ಪಾಯಸ ಮಾಡುವ ಎಲ್ಲರಿಗೂ ಗೊತ್ತು. ಮೊದಲು ಹಿಂಡಿದ ದಪ್ಪ ಹಾಲು ಬೇರೆ, ಮತ್ತೆ ನೀರು ಹಾಕಿ ಹಿಂಡಿದ ಎರಡನೇ ಹಾಲು ಬೇರೆ, ದಪ್ಪ ಹಾಲು ಕೊನೆಗೆ, ಹಾಕಿದ ಮೇಲೆ ಕುದಿಸಬಾರದು. ಕಾಫಿಗೂ ಅದೇ ಕಾನೂನು. ಎರಡನೇ ಹಾಲನ್ನು ಹಬೆ ಏಳುವಷ್ಟು ಬಿಸಿ ಮಾಡಿ, ಅದಕ್ಕೆ ಡಿಕಾಕ್ಷನ್ ನಿಧಾನಕ್ಕೆ ಸೇರಿಸಿ, ಒಲೆ ಆರಿಸಿ, ಆಮೇಲೆ ದಪ್ಪ ಹಾಲು, ಎಲ್ಲಕ್ಕಿಂತ ಕೊನೆಗೆ ಮಲ್ಲಿಗೆ ಸಕ್ಕರೆ. ಒಂದು ಲೋಟಕ್ಕೆ ಎರಡನೇ ಹಾಲು, ಡಿಕಾಕ್ಷನ್, ದಪ್ಪ ಹಾಲು ಮೂರೂ ಹೆಚ್ಚುಕಡಿಮೆ ಸಮ ಸಮ ಇರಲಿ, 50-60 ಎಂಎಲ್ ಹಾಗೆ.

ನನ್ನ ಅಕ್ಕ ಮೊದಲ ಗುಟುಕಿಗೇ, "ಎಂತದು ಮಾರಾಯ್ತಿ, ಮದುವೆಮನೆಯ ಜಡೆ ವಾಸನೆ ಬರ್ತದಲ್ಲ!" ಅಂದಳು. ನಗು ಬಂತು, ಆದರೆ ಅವಳು ಹೇಳಿದ್ದರಲ್ಲಿ ಅರ್ಥ ಇದೆ. ತೆಂಗಿನೆಣ್ಣೆ ಹಚ್ಚಿ ಬಾಚಿದ ತಲೆ, ಮೇಲೆ ಒಂದು ಚೆಂಡು ಮಲ್ಲಿಗೆ. ಈ ಎರಡು ಪರಿಮಳ ಜೊತೆಯಾಗಿಯೇ ನಮ್ಮ ಮೂಗಿನಲ್ಲಿ ಕೂತಿವೆ. ಕುದಿಸಬಾರದು ಅಂತ ನಾನು ಹಠ ಹಿಡಿಯುವುದು ಅದಕ್ಕೇ. ಕಾಯಿಹಾಲು ಕುದಿದರೆ ಒಡೆದು ಎಣ್ಣೆ ಮೇಲೆ ತೇಲುತ್ತದೆ, ಆಗ ನಿಜವಾಗಿಯೂ ಜಡೆಯೇ. ಕುದಿಯದ ತಾಜಾ ಹಾಲಿನಲ್ಲಿ ಎಣ್ಣೆಯ ವಾಸನೆ ಇಲ್ಲ, ಬರೀ ಸಿಹಿ. ಅದು ಮಲ್ಲಿಗೆಯನ್ನು ಹೊತ್ತುಕೊಂಡು ಬರುತ್ತದೆ. ಕೊಬ್ಬಿನಂಶ ಪರಿಮಳವನ್ನು ಹಿಡಿದಿಡುತ್ತದಲ್ಲ, ತೆಳ್ಳಗಿನ ಬಾದಾಮಿ ಹಾಲಿನಲ್ಲಿ ಆ ಸುಖ ಇಲ್ಲ. ಅಕ್ಕನಿಗೆ ಈಗಲೂ ಇಷ್ಟ ಇಲ್ಲ, ಅದು ಬೇರೆ ವಿಷಯ.

ಕಾಫಿ ಯಾವುದು ಅನ್ನುವುದೂ ಮುಖ್ಯ. ಸೋಯಾ, ಬಾದಾಮಿ ಹಾಲು ಕಾಫಿಗೆ ಹಾಕಿದಾಗ ಚೂರು ಚೂರಾಗಿ ಒಡೆಯುವುದು ಕಾಫಿಯ ಹುಳಿಗೆ ಮತ್ತು ಬಿಸಿಗೆ. ಕಾಫಿಗೆಂದೇ ಮಾಡಿ ಬರಿಸ್ತಾ ಅಂತ ಬರೆದಿರುವ ಎಷ್ಟೋ ಹಾಲಿನ ಡಬ್ಬಗಳಲ್ಲಿ ಆ ಹುಳಿಯನ್ನು ತಡೆಯಲಿಕ್ಕೆ ಫಾಸ್ಫೇಟ್ ಉಪ್ಪು ಹಾಕಿರುತ್ತಾರೆ, ಹಿಂದೆ ತಿರುಗಿಸಿ ಓದಿ ನೋಡಿ. ನಮಗೆ ಅದೂ ಬೇಡ, ಯಾಕೆಂದರೆ ಹುಳಿ ಕಮ್ಮಿ ಇರುವ ಕಾಫಿ ನಮ್ಮ ಕರಾವಳಿಯಲ್ಲೇ ತಯಾರಾಗುತ್ತದೆ. ಮಾನ್ಸೂನ್ಡ್ ಮಲಬಾರ್. ಹಿಂದೆ ಇಲ್ಲಿನ ಕಾಫಿ ಬೀಜ ಹಾಯಿಹಡಗಿನಲ್ಲಿ ಆಫ್ರಿಕಾ ಸುತ್ತಿ ಯುರೋಪಿಗೆ ಹೋಗಲು ತಿಂಗಳುಗಟ್ಟಲೆ ಬೇಕಿತ್ತು. ಕಡಲಿನ ತೇವಕ್ಕೆ ಬೀಜ ಉಬ್ಬಿ, ಹಸಿರು ಹೋಗಿ ಬಿಳಚಿಕೊಂಡು, ಹುಳಿ ಇಳಿದಿರುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ಅಭ್ಯಾಸವಾಯಿತು. ಆಮೇಲೆ ಉಗಿಹಡಗು ಬಂತು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಬೀಜ ಬೇಗ ಬೇಗ ತಲುಪಿತು, ಹಳೆಯ ರುಚಿ ಇಲ್ಲ ಅಂತ ಗೊಣಗಾಟ ಶುರು. ಹಾಗಾಗಿ ಇಲ್ಲಿಯೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋದಾಮುಗಳ ಬದಿ ತೆರೆದಿಟ್ಟು, ಬೀಜ ಹರಡಿ ಮಳೆಗಾಳಿ ತಾಗಿಸುವ ಕ್ರಮ ಬಂತು. ನಾವು ಬಟ್ಟೆ ಒಣಗುವುದಿಲ್ಲ ಅಂತ ಬೈಯುವ ಅದೇ ಗಾಳಿ! ಹೆಚ್ಚಿನದ್ದು ಹೊರದೇಶಕ್ಕೆ ಹೋಗುತ್ತದೆ, ಆದರೆ ಕೇಳಿದರೆ ಇಲ್ಲೂ ಸಿಗುತ್ತದೆ. ಸಿಗದಿದ್ದರೆ ಸ್ವಲ್ಪ ಕಪ್ಪಗೆ ಹುರಿದ ಯಾವ ಪುಡಿಯಾದರೂ ನಡೆಯುತ್ತದೆ. ಚಿಕೋರಿ ಮಾತ್ರ ಬೇಡ. ಫಿಲ್ಟರ್ ಕಾಫಿ ಭಕ್ತರಿಗೆ ಬೇಸರ ಆಗಬಹುದು, ಆದರೆ ಚಿಕೋರಿಯ ಕಹಿ ಎದುರು ಮಲ್ಲಿಗೆ ನಿಲ್ಲುವುದಿಲ್ಲ. ಅಂದ ಹಾಗೆ ಕಾಫಿ ಗಿಡದ ಹೂವಿಗೂ ಮಲ್ಲಿಗೆಯದ್ದೇ ಪರಿಮಳ, ಕಾಫಿ ಗಿಡ ಅರಳಿಸುವ ಹೂಮಳೆ ಬಿದ್ದ ಮೇಲೆ ಚಿಕ್ಕಮಗಳೂರಿನ ಕಡೆ ಹೋದವರಿಗೆ ಗೊತ್ತಿರುತ್ತದೆ.

ಆರೋಗ್ಯಕ್ಕೆ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ದಪ್ಪ ಕಾಯಿಹಾಲಿನಲ್ಲಿ ಕೊಬ್ಬು ದನದ ಹಾಲಿನ ನಾಲ್ಕೈದು ಪಟ್ಟು, ಅದರ ಮೇಲೆ ಸಕ್ಕರೆ. ದಿನಾ ಮೂರು ಲೋಟ ಕುಡಿಯುವ ಕಾಫಿ ಇದಲ್ಲ. ಲ್ಯಾವೆಂಡರ್‌ಗೆ ಓಟ್ ಹಾಲೇ ಸರಿ ಅನ್ನುವುದನ್ನೂ ಒಪ್ಪುತ್ತೇನೆ, ಕಾಯಿಹಾಲಿಗೆ ಲ್ಯಾವೆಂಡರ್ ಹಾಕಿದರೆ ಸೋಪು ಕರಗಿಸಿದ ಹಾಗಿರುತ್ತದೆ. ಒಂದೊಂದು ಹೂವಿಗೆ ಒಂದೊಂದು ಹಾಲು. ಕೆಫೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಬೇಸಿಗೆಯಲ್ಲಿ ಮೆನುವಿಗೆ ಸೇರಿಸಿ ನೋಡಿ, ಮುನ್ನೂರು ರೂಪಾಯಿ ಹಾಕಿದರೂ ಕೊಡುತ್ತೇನೆ, ಆದರೆ ಸಿರಪ್ ಬಾಟಲಿ ಕಂಡರೆ ಎದ್ದು ಬರುತ್ತೇನೆ.

ಮಾಡುವವರಿಗೆ ಕೊನೆಯದಾಗಿ. ಸೆಕೆಗೆ ಕಾಯಿಹಾಲು ಬೇಗ ಹುಳಿ ಬರುತ್ತದೆ, ಹಿಂಡಿದ ದಿನವೇ ಮುಗಿಸಿ, ಅಲ್ಲಿಯವರೆಗೆ ಫ್ರಿಜ್‌ನಲ್ಲಿರಲಿ. ಫ್ರಿಜ್‌ನಲ್ಲಿ ದಪ್ಪ ಹಾಲು ಗಟ್ಟಿಯಾಗಿ ಮೇಲೆ ಕೂತರೆ ಹಾಳಾಯಿತು ಅಂತ ಚೆಲ್ಲಬೇಡಿ, ಹೊರಗಿಟ್ಟು ಕಲಕಿದರೆ ಸರಿಯಾಗುತ್ತದೆ. ಐಸ್ ಹಾಕಿ ಮಾಡುವುದಾದರೆ ಮಲ್ಲಿಗೆ ಸಕ್ಕರೆಯನ್ನು ಉಗುರು ಬೆಚ್ಚಗಿನ ಡಿಕಾಕ್ಷನ್‌ನಲ್ಲಿ ಮೊದಲೇ ಕರಗಿಸಿಕೊಳ್ಳಿ. ಹಿಂಡಿ ಉಳಿದ ಕಾಯಿ ಬಿಸಾಡಬೇಡಿ, ರಾತ್ರಿಯ ಪಲ್ಯಕ್ಕೆ ಆಗುತ್ತದೆ. ಸಂಪಿಗೆ ಹಾಕಿ ಯಾರಾದರೂ ಮಾಡಿದ್ದರೆ ಹೇಳಿ, ನನಗೆ ಧೈರ್ಯ ಬಂದಿಲ್ಲ.