ಎರಡು ಕೆಬಿ

ನಕ್ಕುಬಿಟ್ಟ ರೀ, ಕಂಪ್ಯೂಟರ್ ರಿಪೇರಿ ಅಂಗಡಿಯವನು. ಬೈದಿದ್ರೂ ತಡ್ಕೋತಿದ್ದೆ, ನಕ್ಕ. ಮನೆ ಫೋಟೋ ಇದ್ದ ಹಾರ್ಡ್ ಡಿಸ್ಕ್ ಕೆಟ್ಟಿತ್ತು, ತಗೊಂಡು ಹೋಗಿದ್ದೆ.

"ಬ್ಯಾಕಪ್ ಇದೆಯಾ ಸರ್?" ಅಂತ ಕೇಳಿದ್ದ. ಆ ಪ್ರಶ್ನೆಗೇ ಕಾಯ್ತಾ ಇದ್ದೆ ನಾನು. ಎಲ್ಲರಂಗೆ ಪೆದ್ದ ಅಲ್ಲ ಅಂತ ತೋರಿಸ್ಕೋಬೇಕಲ್ಲ! "ಇಲ್ದೆ ಏನು?" ಅಂತ ಜೇಬಿಂದ ಪೆನ್ ಡ್ರೈವ್ ತೆಗೆದು ಕೌಂಟರ್ ಮೇಲೆ ಟಪ್ ಅಂತ ಇಟ್ಟೆ. ಚುಚ್ಚಿದ. ನೋಡಿದ. ಆಮೇಲೆ ನಿಧಾನಕ್ಕೆ ಮಾನಿಟರನ್ನ ನನ್ನ ಕಡೆ ತಿರುಗಿಸಿದ. ಹಳದಿ ಫೋಲ್ಡರ್, ಕೆಳಗೆ 'ಮನೆ ಫೋಟೋಸ್' ಅಂತ ಹೆಸರು, ಎಡಗಡೆ ಮೂಲೇಲಿ ಒಂದು ಪುಟಾಣಿ ಬಾಣ. ಮೌಸ್ ತಂದು ಸರಿಯಾಗಿ ಆ ಬಾಣದ ಮೇಲೇ ನಿಲ್ಲಿಸಿ, "ಸರ್, ಇದು ಶಾರ್ಟ್‌ಕಟ್ಟು" ಅಂದ. ಗಾತ್ರ 2 ಕೆಬಿ. ಪಕ್ಕದಲ್ಲಿ ಫೋನ್ ಒತ್ತುತ್ತಾ ನಿಂತಿದ್ದ ಹುಡುಗ ತಲೆ ಎತ್ತಿ ಮೊದಲು ಸ್ಕ್ರೀನ್ ನೋಡಿದ, ಆಮೇಲೆ ನನ್ನ ಮುಖ ನೋಡಿದ. "ಇನ್ನೊಂದ್ಸಲ ನೋಡಿ, ಒಳಗಿರುತ್ತೆ" ಅಂದೆ. ಆವಾಗ ನಕ್ಕಿದ್ದು.

ನಾಲ್ಕು ವರ್ಷ ಬೀರುವಿನಲ್ಲಿ ಬೀಗ ಹಾಕಿ ಕಾಪಾಡಿದ್ದು ಮನೆಯನ್ನಲ್ಲ, ಮನೆ ವಿಳಾಸ ಬರೆದ ಚೀಟೀನ.

ಹೋಗ್ಲಿ ಬಿಡಿ, ನನ್ನದೇ ತಪ್ಪು. ಇಲ್ಲ, ಯಾಕೆ ಬಿಡಬೇಕು? ಆ ಡಿಸ್ಕ್ ಒಳಗೆ 'ಸ್ಮಾರ್ಟ್' ಅಂತ ಒಂದು ಲೆಕ್ಕದ ಪುಸ್ತಕ ಇರುತ್ತಂತೆ. ಎಷ್ಟು ಸೆಕ್ಟರ್, ಅಂದ್ರೆ ಡಿಸ್ಕಿನ ಪುಟ್ಟ ಪುಟ್ಟ ಖಾನೆ, ಕೆಟ್ಟಿದೆ, ಎಷ್ಟಕ್ಕೆ ಬದಲಿ ಜಾಗ ಕೊಟ್ಟಿದೆ, ಎಷ್ಟು ಓದಕ್ಕಾಗದೆ ಬಾಕಿ ಬಿದ್ದಿದೆ, ಎಲ್ಲಾ ತಾನೇ ಬರ್ಕೊಳ್ಳುತ್ತಂತೆ. ಬರ್ಕೊಂಡು ಏನು ಮಾಡ್ತು? ಪ್ರಿಂಟರಲ್ಲಿ ಇಂಕ್ ಚೂರು ಕಮ್ಮಿಯಾದ್ರೆ ದಿನಾ ಬಡ್ಕೊಳ್ಳೋ ಕಂಪ್ಯೂಟರು, ತನ್ನ ಹೊಟ್ಟೆಯೊಳಗಿನ ಡಿಸ್ಕ್ ಟಿಕ್ ಟಿಕ್ ಅಂತ ನರಳ್ತಿದ್ರೆ ಬಾಯಿ ಮುಚ್ಕೊಂಡಿತ್ತು. ಕೊನೆಗೆ ಬಾಯಿ ಬಿಟ್ಟಿದ್ದು "ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು, ಮಾಡಲಾ?" ಅಂತ! ಉಸಿರು ಎಳೀತಿರೋರ ಪಕ್ಕ ಕೂತು ಗುಂಡಿ ತೋಡಲಾ ಅಂತ ಕೇಳ್ತಾರೇನ್ರೀ? ಆ ಮೆಸೇಜು ಬರೆದ ಪುಣ್ಯಾತ್ಮ ಯಾರು? ಯಾರಾದ್ರೂ ಉತ್ತರ ಕೊಡಿ.

ಅದಕ್ಕೆ ಬೇಡ ಅಂದೆ, ಅಷ್ಟು ಬುದ್ಧಿ ಇತ್ತು. ಆದ್ರೆ ಎಲ್ಲೋ ಓದಿ, ಡಿಸ್ಕಿನ ತಪ್ಪು ಹುಡುಕಿ ಸರಿಮಾಡೋ ಚೆಕ್‌ಡಿಸ್ಕ್ ಅನ್ನೋ ಪ್ರೋಗ್ರಾಮ್ ಓಡಿಸಿದೆ. ರಾತ್ರಿಯಿಡೀ. ಟಿಕ್ ಟಿಕ್ ಕೇಳ್ಕೊಂಡು ನೆಮ್ಮದಿಯಾಗಿ ಮಲಗಿದೆ, ರಿಪೇರಿ ಆಗ್ತಿದೆ ಅಂತ. ಆ ಸದ್ದು ಅಂದ್ರೆ ಓದೋ ಹೆಡ್ಡು ಜಾಗ ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರ್ತಿರೋದಂತೆ. ಸದ್ದು ಕೇಳಿದ ಕೂಡಲೇ ಕರೆಂಟ್ ತೆಗೀಬೇಕಿತ್ತಂತೆ. ಡಿಸ್ಕಿಗೆ ಇನ್ನೂ ಜೀವ ಇದ್ರೆ, ಡಿಡಿರೆಸ್ಕ್ಯೂ ಅನ್ನೋ ನಕಲು ತೆಗೆಯೋ ಪ್ರೋಗ್ರಾಮ್ ಹಾಕಿ ಮೊದಲು ಸಲೀಸಾಗಿ ಬರೋ ಭಾಗವನ್ನೆಲ್ಲಾ ಇನ್ನೊಂದು ಡಿಸ್ಕಿಗೆ ಇಳಿಸ್ಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಕೈ ಹಾಕ್ತಾರಂತೆ. ಎಲ್ಲಾ ಅಂತೆ. ಈಗ ನಾನು ಪಂಡಿತ. ಭಾವ ಫೋನ್ ಮಾಡಿ ಫ್ರೀಜರಲ್ಲಿಡು ಅಂದ್ರು, ಒಳಗೆ ನೀರು ಕೂರುತ್ತೆ ಅಂತ ಅವರಿಗೇ ಪಾಠ ಮಾಡಿದೆ. ಎಲ್ಲಾ ಮುಳುಗಿದ ಮೇಲೆ ಎಂಥ ಗಂಭೀರ ದನಿ ನಂದು!

ಅಂಗಡಿಯವನು ಎಷ್ಟೋ ಒದ್ದಾಡಿ ಸಿಕ್ಕಿದ್ದನ್ನ ಎತ್ತಿಕೊಟ್ಟ. ಅದು ಒಪ್ಕೋಬೇಕು. ಹನ್ನೊಂದು ಸಾವಿರ ಚಿತ್ರ! ಕುಣಿದೆ. ತೆಗೆದು ನೋಡಿದ್ರೆ ಹೆಸರಿಲ್ಲ, ತಾರೀಖಿಲ್ಲ, ಬರೀ ನಂಬರು. ಮುಕ್ಕಾಲು ಪಾಲು ಬ್ರೌಸರ್ ಬಚ್ಚಿಟ್ಟ ಕಸ. 'ಈಗಲೇ ಕೊಳ್ಳಿ' ಬಟನ್ನು, ಯಾವುದೋ ಶೂ, ಅದೇ ಶೂ ಇನ್ನೊಂದು ಬಣ್ಣದಲ್ಲಿ. ಆ ಶೂ ನಾನು ತಗೊಳ್ಳಲೂ ಇಲ್ಲ. ಅದಕ್ಕೆ ಒಂದು ಗೀರೂ ಆಗಿಲ್ಲ, ಫಳಫಳ ಅಂತಿದೆ.

ಅಮ್ಮನಿಗೆ ಬೇಕಿದ್ದಿದ್ದು ಒಂದೇ ಒಂದು. ಹಳೇ ಮನೆ ಖಾಲಿ ಮಾಡೋ ದಿನ ಎಲ್ಲರೂ ಹಾಲಲ್ಲಿ ಸಾಲಾಗಿ ನಿಂತಿದ್ದು. ಸಿಕ್ತು. ಮೇಲ್ಗಡೆ ಫ್ಯಾನು, ಗೋಡೆ, ಅಣ್ಣನ ಕೂದಲು ಚೂರು. ಅಲ್ಲಿಂದ ಕೆಳಗೆ ಬೂದಿ ಬಣ್ಣ. ತೋರಿಸಬಾರದಿತ್ತು, ತೋರಿಸಿದೆ. ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದ್ರು.

"ಕೆಳಗಿಂದು ಯಾವಾಗ ಕೊಡ್ತಾನಂತೆ?"

ನಾಳೆ ಅಂದೆ.